ಚಂದಾ ಕಟ್ಟಿದರೂ ಸಿಗದ ಜೋಳದ ರೊಟ್ಟಿ: ಆಹಾರ ಲೆಕ್ಕದ ಆ್ಯಪ್ ಬಳಸಿದ ಅನುಭವ

ವಿಜಯಪುರದಂಥ ಊರಿನಲ್ಲಿ ಮನೆಯೂಟ ಉಣ್ಣುವವರು ಆಹಾರದ ಲೆಕ್ಕವಿಡುವ ಆ್ಯಪ್‌ಗೆ ವರ್ಷದ ಚಂದಾ ಕಟ್ಟಬೇಕೇ ಎಂದು ಯಾರಾದರೂ ಕೇಳಿದರೆ, ಸದ್ಯಕ್ಕೆ ಬೇಡ ಎಂದೇ ಹೇಳುತ್ತೇನೆ. ರಕ್ತದ ಸಕ್ಕರೆ ಗಡಿಯ ಹತ್ತಿರ ಬಂದಿದ್ದರಿಂದ, ದಿನಕ್ಕೆ ಎಷ್ಟು ಕಾರ್ಬೋಹೈಡ್ರೇಟ್, ಎಷ್ಟು ಪ್ರೋಟೀನ್ ಹೊಟ್ಟೆಗೆ ಹೋಗುತ್ತದೆಂದು ಬರೆದಿಡುವಂತೆ ವೈದ್ಯರು ಸೂಚಿಸಿದ್ದರು. ಅದಕ್ಕಾಗಿ ಸಾಕಷ್ಟು ಹೆಸರು ಮಾಡಿರುವ ಒಂದು ಆ್ಯಪ್‌ನ ಪ್ರೀಮಿಯಂ ಆವೃತ್ತಿಯನ್ನು ಹಣ ಕೊಟ್ಟು ಪಡೆದು ಬಳಸಿದೆ. ಇದೇ ಬಗೆಯ ಬೇರೆ ಆ್ಯಪ್‌ಗಳ ಉಚಿತ ಆವೃತ್ತಿಗಳಲ್ಲೂ ಇದೇ ಕೊರತೆ ಕಂಡಿದ್ದರಿಂದ ಅದರ ಹೆಸರು ಇಲ್ಲಿ ಅಗತ್ಯವಿಲ್ಲ.

ನಮ್ಮ ಭಾಗದ ಊಟದ ಲೆಕ್ಕ ಜೋಳದ ರೊಟ್ಟಿಯಿಂದಲೇ ಆರಂಭವಾಗಬೇಕು. ಕನ್ನಡ ಲಿಪಿಯಲ್ಲಿ ಹುಡುಕಿದರೆ ಆ್ಯಪ್ ಏನನ್ನೂ ತೋರಿಸುವುದಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಒಂದೇ ಹೆಸರಿನ ಹಲವು ನಮೂದುಗಳು ಸಾಲುಗಟ್ಟಿ ಬರುತ್ತವೆ; ಒಂದರಲ್ಲಿ ಎಂಬತ್ತರ ಆಸುಪಾಸು ಕ್ಯಾಲರಿ ಇದ್ದರೆ ಇನ್ನೊಂದರಲ್ಲಿ ಇನ್ನೂರು ದಾಟಿರುತ್ತದೆ, ಆದರೆ ಅಳತೆಯ ಜಾಗದಲ್ಲಿ ಎಲ್ಲದಕ್ಕೂ ‘1 ರೊಟ್ಟಿ’ ಎಂದಷ್ಟೇ ಇದೆ, ಗ್ರಾಂ ಇಲ್ಲ. ಮರಾಠಿಯಲ್ಲಿ ಇದೇ ರೊಟ್ಟಿಗೆ ಹೇಳುವ ಭಕ್ರಿ ಎಂಬ ಹೆಸರಿನಿಂದ ಹುಡುಕಿದರೆ ತುಪ್ಪ ಹಾಕಿ ಕಲಸಿದ ಗುಜರಾತಿನ ಗೋಧಿ ಭಾಖ್ರಿ ಮೊದಲು ಬರುತ್ತದೆ. ಮನೆಯಲ್ಲಿ ತೂಗಿ ನೋಡಿದಾಗ ಒಂದು ರೊಟ್ಟಿಗೆ 60 ಗ್ರಾಂ ಹಿಟ್ಟು ಹಿಡಿಯಿತು. ಬಡಿದು ಬೇಯಿಸಿ ಹಂಚಿನಿಂದ ಇಳಿಸಿದಾಗ ಅದು 90 ಗ್ರಾಂ ಹತ್ತಿರವಿತ್ತು. ಅದನ್ನೇ ಒಣಗಿಸಿ ಖಡಕ್ ಮಾಡಿದಾಗ ನೀರೆಲ್ಲ ಆರಿ ಮತ್ತೆ 60ರ ಹತ್ತಿರಕ್ಕೆ ಇಳಿಯಿತು. ಹಿಟ್ಟು ಅದೇ ಆದ್ದರಿಂದ ಎರಡಕ್ಕೂ ಸುಮಾರು 200 ಕ್ಯಾಲರಿಯೇ ಆಗಬೇಕು. ಆದರೆ ನೂರು ಗ್ರಾಂ ಲೆಕ್ಕದಲ್ಲಿ ಹಾಕುವವರಿಗೆ ಬಿಸಿ ರೊಟ್ಟಿ ಮತ್ತು ಖಡಕ್ ರೊಟ್ಟಿಯ ನಡುವೆ ಅಜಗಜಾಂತರ. ಈ ವ್ಯತ್ಯಾಸ ಆ್ಯಪ್‌ನ ಯಾವ ನಮೂದಿನಲ್ಲಿಯೂ ಇಲ್ಲ.

ಈ ಕೊರತೆಗೆ ಕಾರಣವಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಭಾರತೀಯ ಆಹಾರ ಸಂಯೋಜನೆಯ ಕೋಷ್ಟಕಗಳಲ್ಲಿ 528 ಆಹಾರಗಳ ವಿವರವಿದೆ, ಮತ್ತು ಜೋಳಕ್ಕೆ ನೂರು ಗ್ರಾಂಗೆ ಸುಮಾರು 334 ಕ್ಯಾಲರಿ, ಸುಮಾರು 10 ಗ್ರಾಂ ಪ್ರೋಟೀನ್ ಎಂಬ ಅಂಕಿ ಅಲ್ಲಿಯೇ ಸಿಗುತ್ತದೆ. ಆದರೆ ಅಲ್ಲಿರುವುದು ಕಾಳು, ಕಾಯಿಪಲ್ಯ, ಹಾಲು, ಮಾಂಸದಂಥ ಅಡುಗೆ ಮಾಡದ ಪದಾರ್ಥಗಳ ಲೆಕ್ಕ. ರೊಟ್ಟಿ, ಕಡಲೆಹಿಟ್ಟಿನ ಜುಣಕ, ಪುಂಡಿಪಲ್ಯದಂಥ ಬೇಯಿಸಿದ ಅಡುಗೆಯ ಅಂಕಿಯನ್ನು ಯಾರಾದರೂ ಕೂತು ಲೆಕ್ಕ ಹಾಕಿ ಸೇರಿಸಬೇಕು. ನಾನು ಹಣ ಕೊಟ್ಟದ್ದು ಆ ಕೆಲಸಕ್ಕೆ ಎಂದು ತಿಳಿದಿದ್ದೆ. ಕಂಪನಿಯಾದರೋ ಅದನ್ನು ಬಳಕೆದಾರರ ತಲೆಗೇ ಕಟ್ಟಿದೆ, ಅವರು ಬರೆದದ್ದನ್ನು ಯಾರೂ ತಿದ್ದಿದಂತೆ ಕಾಣುವುದಿಲ್ಲ. ಜುಣಕದ ಒಂದು ನಮೂದನ್ನೇ ನೋಡಿ: ನೂರು ಗ್ರಾಂಗೆ 8 ಗ್ರಾಂ ಪ್ರೋಟೀನ್, 20 ಗ್ರಾಂ ಕಾರ್ಬೋಹೈಡ್ರೇಟ್, 9 ಗ್ರಾಂ ಕೊಬ್ಬು, ಒಟ್ಟು 90 ಕ್ಯಾಲರಿ ಎಂದಿದೆ. ಪ್ರೋಟೀನ್ ಮತ್ತು ಕಾರ್ಬೋಹೈಡ್ರೇಟಿಗೆ ಗ್ರಾಂಗೆ 4, ಕೊಬ್ಬಿಗೆ 9 ಎಂಬ ಸಾಮಾನ್ಯ ಲೆಕ್ಕ ಹಾಕಿದರೆ ಅದು 193 ಆಗುತ್ತದೆ. ಕೂಡಿಸಿ ಗುಣಿಸಿದರೆ ತಕ್ಷಣ ಸಿಕ್ಕಿಬೀಳುವ ಇಂಥ ತಪ್ಪನ್ನು ಹಿಡಿಯುವುದು ಕಂಪ್ಯೂಟರಿಗೆ ದೊಡ್ಡ ಕೆಲಸವೇನಲ್ಲ. ಅದೇ ನಮೂದಿನ ಪಕ್ಕದಲ್ಲಿ ‘ಪರಿಶೀಲಿಸಲಾಗಿದೆ’ ಎಂಬ ಹಸಿರು ಗುರುತು ಬೇರೆ ಇದೆ.

ಹಿಂಡಿಯ, ಅಂದರೆ ನಮ್ಮ ಕಡೆಯ ಚಟ್ನಿಪುಡಿಯ ವಿಷಯದಲ್ಲಿ ಈ ತಪ್ಪು ಇನ್ನೂ ದುಬಾರಿ. ಶೇಂಗಾ ಚಟ್ನಿ ಎಂದು ಹುಡುಕಿದರೆ ಸಿಗುವುದು ಇಡ್ಲಿ-ದೋಸೆಯ ಜೊತೆ ಬಡಿಸುವ ನೀರು ಚಟ್ನಿ. ನಮ್ಮ ಶೇಂಗಾ ಹಿಂಡಿಯೆಂದರೆ ಹುರಿದ ಶೇಂಗಾ, ಖಾರ, ಬೆಳ್ಳುಳ್ಳಿ, ಉಪ್ಪು ಇಷ್ಟೇ. ನೀರಿನ ಅಂಶವೇ ಇಲ್ಲದ್ದರಿಂದ ನೂರು ಗ್ರಾಂಗೆ 500 ಕ್ಯಾಲರಿ ಸಲೀಸಾಗಿ ಮುಟ್ಟುತ್ತದೆ. ಅದರ ಮೇಲೆ ಎಣ್ಣೆಯನ್ನೋ ಕೆನೆಮೊಸರನ್ನೋ ಹಾಕಿಕೊಳ್ಳದೆ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ. ದಿನವೂ ಎರಡು ಚಮಚ ಹಿಂಡಿ ತಿಂದು ಅದನ್ನು ನೀರು ಚಟ್ನಿಯ ಲೆಕ್ಕಕ್ಕೆ ಬರೆದರೆ, ತಿಂಗಳ ಕೊನೆಗೆ ಬರುವ ಬಣ್ಣಬಣ್ಣದ ಗ್ರಾಫ್ ವೈದ್ಯರ ಮುಂದಿಡುವಂಥದ್ದಾಗಿರುವುದಿಲ್ಲ. ಗುರೆಳ್ಳು ಹಿಂಡಿ ಮತ್ತು ಅಗಸಿ ಹಿಂಡಿಯಂತೂ ಪಟ್ಟಿಯಲ್ಲೇ ಇಲ್ಲ. ನಾನು ಸಣ್ಣ ತಕ್ಕಡಿಯಲ್ಲಿ ಹಿಂಡಿ ತೂಗುವುದನ್ನು ಕಂಡು ಅವ್ವ, “ಬಂಗಾರ ತೂಗಿದಂಗ ತೂಗಾಕತ್ತೀಯಲ್ಲೋ, ಉಣ್ಣೂದು ಯಾವಾಗ?” ಎಂದಳು.

ಪ್ರೀಮಿಯಂ ಎಂದು ಮಾರುವ ಸೌಲಭ್ಯಗಳು ಈ ಕೊರತೆಯನ್ನು ತುಂಬುವುದಿಲ್ಲ. ತಟ್ಟೆಯ ಫೋಟೊ ತೆಗೆದರೆ ಊಟವನ್ನು ಗುರುತಿಸುತ್ತೇನೆಂದು ಹೇಳುವ ಸೌಲಭ್ಯ ಪುಂಡಿಪಲ್ಯವನ್ನು ಪಾಲಕ್ ಪನೀರ್ ಎಂದಿತು. ಎಣ್ಣೆಗಾಯಿಯ ತಳದಲ್ಲಿ ಎಷ್ಟು ಎಣ್ಣೆ ನಿಂತಿದೆ ಎಂಬುದು ಯಾವ ಕ್ಯಾಮೆರಾಕ್ಕೂ ಕಾಣುವಂಥದ್ದಲ್ಲ. ಸ್ವಂತ ಪಾಕವಿಧಾನ ಬರೆದುಕೊಳ್ಳುವ ಸೌಲಭ್ಯ ಉಪಯುಕ್ತವೇ. ಆದರೆ ಅದು ಅಡುಗೆಯಾದ ಮೇಲಿನ ಒಟ್ಟು ತೂಕವನ್ನು ಕೇಳದೆ, ಎಷ್ಟು ಮಂದಿಗೆ ಬಡಿಸುತ್ತೀರಿ ಎಂದಷ್ಟೇ ಕೇಳಿ ಭಾಗಿಸುತ್ತದೆ. ನಮ್ಮ ಮನೆಯಲ್ಲಿ ಎಲ್ಲರೂ ಸಮಪಾಲು ಉಣ್ಣುವುದಿಲ್ಲ. ಅದಕ್ಕಿಂತ ನನಗೆ ಸಿಟ್ಟು ತರಿಸಿದ್ದು ಬೇರೆ: ನಾನು ತೂಗಿ, ಕೋಷ್ಟಕ ನೋಡಿ ಬರೆದ ಪಾಕವಿಧಾನವನ್ನು ಎಲ್ಲರೊಂದಿಗೆ ಹಂಚಿಕೊಳ್ಳುವ ಆಯ್ಕೆ ಮೊದಲೇ ಚಾಲೂ ಇರುತ್ತದೆ. ಅಂದರೆ ಚಂದಾ ಕಟ್ಟುವವನೂ ನಾನೇ, ಪುಕ್ಕಟೆ ದುಡಿಯುವವನೂ ನಾನೇ.

ಬಾರ್‌ಕೋಡ್ ಸ್ಕ್ಯಾನ್ ಬಿಸ್ಕತ್ತು, ಓಟ್ಸ್, ಪ್ಯಾಕೆಟ್ ಹಾಲಿಗೆ ಚೆನ್ನಾಗಿ ನಡೆಯುತ್ತದೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಆಚರಿಸಿದ್ದರಿಂದಲೋ ಏನೋ, ರಾಗಿ ಕುಕಿ ಮತ್ತು ಜೋಳದ ಪಫ್ ಕೂಡ ಗ್ರಾಂ ಸಮೇತ ಅಲ್ಲಿವೆ. ಕರದಂಟಿನ ಡಬ್ಬಿಯನ್ನು ಹಿಡಿದರೆ ಮಾತ್ರ ‘ಸಿಗಲಿಲ್ಲ, ನೀವೇ ಸೇರಿಸಿ’ ಎಂಬ ಉತ್ತರ. ಎಳ್ಳ ಅಮವಾಸ್ಯೆಯ ದಿನ ಹೊಲದಲ್ಲಿ ಉಂಡ ಸಜ್ಜಿ ರೊಟ್ಟಿ, ಕಡಬು, ಮಡಿಕೆಕಾಳು ಪಲ್ಯ, ಶೇಂಗಾ ಹೋಳಿಗೆಗಳಲ್ಲಿ ಹೋಳಿಗೆಯೊಂದನ್ನು ಬಿಟ್ಟರೆ ಬೇರೆ ಯಾವುದಕ್ಕೂ ನಂಬಬಹುದಾದ ನಮೂದು ಸಿಗಲಿಲ್ಲ. ಆ ಹೋಳಿಗೆಯೂ ಕಡಲೆಬೇಳೆಯದು. ಸಹಾಯ ವಿಭಾಗಕ್ಕೆ ಇವೆಲ್ಲವನ್ನೂ ವಿವರವಾಗಿ ಬರೆದೆ. ಹತ್ತಿರದ ಪದಾರ್ಥವೊಂದನ್ನು ಆರಿಸಿಕೊಳ್ಳಿ ಎಂಬ ವಿನಯದ ಉತ್ತರ ಬಂತು.

ಹೊರಗಡೆಯ ಪ್ಯಾಕೆಟ್ ಆಹಾರವನ್ನೇ ಹೆಚ್ಚು ತಿನ್ನುವವರಿಗೆ, ಅಥವಾ ನೆನಪಿನ ಗಂಟೆ ಬಾರಿಸಿದರೆ ಮಾತ್ರ ಬರೆಯುವ ಸ್ವಭಾವದವರಿಗೆ ಈ ಆ್ಯಪ್ ಉಪಯೋಗವಾದೀತು. ಆದರೂ ಹಣ ಕಟ್ಟುವ ಮುನ್ನ, ಉಚಿತ ಪ್ರಯೋಗದ ಅವಧಿಯಲ್ಲಿ ನಿಮ್ಮ ಮನೆಯಲ್ಲಿ ವಾರವಿಡೀ ಮಾಡುವ ಅಡುಗೆಗಳ ಹೆಸರು ಹಾಕಿ ಹುಡುಕಿ ನೋಡಿರಿ, ಮತ್ತು ಅಳತೆ ಗ್ರಾಂನಲ್ಲಿ ಸಿಗುತ್ತದೆಯೇ ಎಂದು ಪರೀಕ್ಷಿಸಿರಿ. ನಾನೀಗ ಹಸಿ ಪದಾರ್ಥಗಳನ್ನು ಅಡುಗೆಗೆ ಮೊದಲೇ ತೂಗಿ, ಪೋಷಣಾ ಸಂಸ್ಥೆಯ ಅಂಕಿಗಳನ್ನಿಟ್ಟುಕೊಂಡು ಮೊಬೈಲಿನ ಸ್ಪ್ರೆಡ್‌ಶೀಟಿನಲ್ಲಿ ಬರೆಯುತ್ತಿದ್ದೇನೆ. ಕೆಲಸ ಅಷ್ಟೇ ಇದೆ, ಚಂದಾ ಇಲ್ಲ. ಚಂದಾ ನಿಲ್ಲಿಸುವವರು ಒಂದು ಸಂಗತಿ ಗಮನಿಸಬೇಕು: ಆ್ಯಪನ್ನು ಫೋನಿನಿಂದ ಅಳಿಸಿದ ಮಾತ್ರಕ್ಕೆ ಚಂದಾ ರದ್ದಾಗುವುದಿಲ್ಲ. ಪ್ಲೇ ಸ್ಟೋರ್ ಮೂಲಕ ಕಟ್ಟಿದ್ದರೆ ಅಲ್ಲಿಯ ಚಂದಾ ವಿಭಾಗಕ್ಕೆ ಹೋಗಿ ರದ್ದು ಮಾಡಬೇಕು. ತಾನಾಗಿಯೇ ಹಣ ಕಡಿತವಾಗುವ ಯುಪಿಐ ಆಟೊಪೇ ಅನುಮತಿ ಕೊಟ್ಟಿದ್ದರೆ ಹಣ ಪಾವತಿಯ ಆ್ಯಪ್‌ನಲ್ಲಿಯೂ ಆ ಅನುಮತಿ ಹೋಗಿದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು. ಹಣ ಕಡಿತವಾಗುವ 24 ಗಂಟೆ ಮೊದಲು ಸೂಚನೆ ಬರಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮವಿದೆ, ಆದರೆ ಆ ಸಂದೇಶ ಜಾಹೀರಾತಿನ ಸಂದೇಶಗಳ ನಡುವೆ ಕಣ್ತಪ್ಪಿ ಹೋಗುವ ಸಂಭವವೇ ಹೆಚ್ಚು.