ಬಿತ್ತುವಟ್ಟದ ಐದು ವರ್ಷ: ಜೆಆರ್‌ಎಫ್ ಉಂಡವಳ ಅಭಿಪ್ರಾಯ

"ಗೂಡು ಹರಾಜಾದ ಮೇಲೆ ದುಡ್ಡು ಎರಡು ದಿನ ತಡವಾದರೆ ನಮ್ಮಲ್ಲಿ ಜಗಳವೇ ಆಗುತ್ತದೆ. ನಿಮ್ಮದು ಯಾವ ಮಾರುಕಟ್ಟೆಯಮ್ಮ?" ಎಂದು ಅಪ್ಪ ಕೇಳಿದ್ದು 2021ರ ಜುಲೈನಲ್ಲಿ. ನಾನು ಪಿಎಚ್‌ಡಿಗೆ ಸೇರಿ ಆರನೆಯ ತಿಂಗಳು. ಶಿಷ್ಯವೇತನದ ಒಂದು ರೂಪಾಯಿಯೂ ಕೈಗೆ ಬಂದಿರಲಿಲ್ಲ. ಅಪ್ಪ ಶಿಡ್ಲಘಟ್ಟದ ಕಡೆಯ ರೇಷ್ಮೆ ಬೆಳೆಗಾರರು. ಬೆಳೆದದ್ದಕ್ಕೆ ಬೆಲೆ ಯಾವಾಗ ಬರುತ್ತದೆ ಎನ್ನುವುದು ಅವರಿಗೆ ಗೊತ್ತಿರಲೇಬೇಕು. ನನಗೆ ಉತ್ತರ ಗೊತ್ತಿರಲಿಲ್ಲ.

ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ಪಿಎಚ್‌ಡಿ ಮಾಡುವವರಿಗೆ ಕೊಡುವ ಕಿರಿಯ ಸಂಶೋಧನಾ ಶಿಷ್ಯವೇತನ, ಅಂದರೆ ಎಲ್ಲರ ಬಾಯಲ್ಲಿರುವ ಜೆಆರ್‌ಎಫ್, ಹೇಗಿದೆ ಎಂದು ಕಿರಿಯರು ಕೇಳುತ್ತಲೇ ಇರುತ್ತಾರೆ. ಐದು ವರ್ಷ ಪೂರ್ತಿ ಅದನ್ನೇ ನಂಬಿ ಬದುಕಿದವಳಾಗಿ ಹೇಳುತ್ತೇನೆ: ಐದಕ್ಕೆ ಮೂರೂವರೆ ಅಂಕ. ಕಳೆದ ಒಂದೂವರೆ ಅಂಕ ಹಣ ಕಡಿಮೆಯಾಯಿತೆಂದಲ್ಲ, ಅದು ಬರುವ ರೀತಿಗೆ.

ಇದಕ್ಕೆ ಯುಜಿಸಿ-ನೆಟ್ ಪರೀಕ್ಷೆ ಬರೆಯಬೇಕು; ನಾನು ಬರೆದದ್ದು 2019ರ ಡಿಸೆಂಬರ್‌ನದು. ಎರಡು ಪತ್ರಿಕೆ, 150 ಪ್ರಶ್ನೆ, 300 ಅಂಕ, ಮೂರು ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬೇಡಿ. ಭಾಷಾ ವಿಷಯಗಳನ್ನು ಬಿಟ್ಟರೆ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಕನ್ನಡ ಮಾಧ್ಯಮದಲ್ಲಿ ಇತಿಹಾಸ ಎಂ.ಎ. ಮಾಡಿದ ನನಗೆ 'ಬ್ರಹ್ಮದೇಯ' (ಬ್ರಾಹ್ಮಣರಿಗೆ ಬಿಟ್ಟ ದತ್ತಿ ಭೂಮಿ), 'ನಾಡಗೌಡ' (ನಾಡಿನ ಮುಖ್ಯಸ್ಥ) ಗೊತ್ತು. ಅವುಗಳ ಸುತ್ತ ಕಟ್ಟಿದ ಇಂಗ್ಲಿಷ್ ವಾಕ್ಯ ಬಿಡಿಸುವುದರಲ್ಲೇ ಅರ್ಧ ಸಮಯ ಹೋಗುತ್ತಿತ್ತು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಎರಡು ಬಾರಿ ಮಾಡಿದ್ದೇ ನನ್ನನ್ನು ದಡ ಮುಟ್ಟಿಸಿತು. ಕೋಚಿಂಗ್‌ಗೆ ಹೋಗಿರಲಿಲ್ಲ, ಆದ್ದರಿಂದ ಅದರ ಬಗ್ಗೆ ನನ್ನನ್ನು ಕೇಳಬೇಡಿ.

ನನ್ನ ವಿಷಯ ಕೋಲಾರ ಸೀಮೆಯ ಕೆರೆ ಶಾಸನಗಳು. ಬಿ.ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟ ನನ್ನ ಹಾಸಿಗೆಯ ಪಕ್ಕದಲ್ಲೇ ಇರುತ್ತಿತ್ತು. ಆ ಶಾಸನಗಳಲ್ಲಿ 'ಬಿತ್ತುವಟ್ಟ' ಎಂಬ ಮಾತು ಬರುತ್ತದೆ: ಕೆರೆ ಕಟ್ಟಿಸಿದವರಿಗೆ, ಅದನ್ನು ಕಾಪಾಡಿಕೊಂಡು ಬರುವವರಿಗೆ ಕೆರೆಯ ಕೆಳಗಿನ ಗದ್ದೆಯಲ್ಲಿ ಪಾಲು ಬಿಟ್ಟುಕೊಡುವ ದತ್ತಿ. ನನಗೆ ಸಿಕ್ಕಿದ್ದೂ ಒಂದು ಬಿತ್ತುವಟ್ಟವೇ ಎಂದು ನಗುತ್ತಿದ್ದೆ. ವ್ಯತ್ಯಾಸ ಇಷ್ಟೇ, ಶಾಸನದ ದತ್ತಿ ಸೂರ್ಯಚಂದ್ರರಿರುವವರೆಗೆ, ನನ್ನದು ಐದು ವರ್ಷ. ಮೊದಲ ಎರಡು ವರ್ಷ ಜೆಆರ್‌ಎಫ್, ಮುಂದಿನ ಮೂರು ವರ್ಷ ಎಸ್‌ಆರ್‌ಎಫ್, ಅಂದರೆ ಹಿರಿಯ ಸಂಶೋಧನಾ ಶಿಷ್ಯವೇತನ. ಅಲ್ಲದೆ ದತ್ತಿಗೆ ಅಡ್ಡಬಂದವರು ವಾರಣಾಸಿಯಲ್ಲಿ ಕವಿಲೆಯನ್ನು (ಹಸುವನ್ನು) ಕೊಂದ ಪಾಪಕ್ಕೆ ಹೋಗುತ್ತಾರೆಂದು ಕಲ್ಲಿನ ಮೇಲೆ ಕೆತ್ತಿರುತ್ತಾರೆ. ನನ್ನ ಕಡತದ ಮೇಲೆ ಅಂಥದ್ದೇನೂ ಬರೆದಿರಲಿಲ್ಲ.

ಬರೆಯಬೇಕಿತ್ತು. ನಾನು ಸೇರಿದ ವಿಶ್ವವಿದ್ಯಾಲಯದ ಹೆಸರು ಬೇಡ. ಅಲ್ಲಿ ಪ್ರತಿ ತಿಂಗಳೂ 'ಈ ಸಂಶೋಧನಾರ್ಥಿ ಹಾಜರಿದ್ದಾರೆ, ಕೆಲಸ ತೃಪ್ತಿಕರ' ಎಂದು ಮಾರ್ಗದರ್ಶಕರು ಸಹಿ ಮಾಡಬೇಕು, ವಿಭಾಗದ ಮುಖ್ಯಸ್ಥರು ಮೊಹರು ಹಾಕಬೇಕು, ಆಡಳಿತ ಕಚೇರಿಯಲ್ಲಿ ಒಬ್ಬರು ಅದನ್ನು ಜಾಲತಾಣಕ್ಕೆ ಏರಿಸಬೇಕು, ಇನ್ನೊಬ್ಬರು ಒಪ್ಪಿಗೆ ಕೊಡಬೇಕು. ಸರಪಳಿಯ ಒಂದು ಕೊಂಡಿ ರಜೆಯಲ್ಲಿದ್ದರೆ ಆ ತಿಂಗಳು ಹೋಯಿತು. ನನ್ನ ಮೊದಲ ಅಡಚಣೆ ಇನ್ನೂ ಸಣ್ಣದು: ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಎರಡು ಇನಿಷಿಯಲ್, ಆಧಾರ್‌ನಲ್ಲಿ ಅವೇ ಬಿಡಿಸಿ ಬರೆದ ಊರು ಮತ್ತು ಅಪ್ಪನ ಹೆಸರು. ಯಂತ್ರಕ್ಕೆ ನಾವು ಇಬ್ಬರು ಹೆಂಗಸರು. ವಿಷಯ ನಿರ್ವಾಹಕರು ಒಳ್ಳೆಯವರೇ. "ಅಫಿಡವಿಟ್ ತನ್ನಿ ಮೇಡಂ" ಎಂದರು. ತಂದುಕೊಟ್ಟೆ. ಅಷ್ಟರಲ್ಲಿ ಕೋವಿಡ್‌ನ ಎರಡನೆಯ ಅಲೆ, ಕಚೇರಿ ಬಾಗಿಲು ಹಾಕಿತು.

ಸೆಪ್ಟೆಂಬರ್ ಮೊದಲ ವಾರ ಏಳು ತಿಂಗಳ ಹಣ ಒಟ್ಟಿಗೆ ಬಂತು. ತಿಂಗಳಿಗೆ 31,000ದಂತೆ 2,17,000. ಹಳ್ಳಿಯ ಬ್ಯಾಂಕ್ ಖಾತೆಯಲ್ಲಿ ಅಷ್ಟೊಂದು ಅಂಕಿಗಳನ್ನು ಒಮ್ಮೆಗೇ ನಾನು ಕಂಡದ್ದು ಅದೇ ಮೊದಲು. ಅಕ್ಕನ ಸಾಲ ತೀರಿಸಿದೆ, ಪಿ.ಜಿ. ವಸತಿಯ ಬಾಕಿ ಕೊಟ್ಟೆ, ಅಪ್ಪನಿಗೆ ಚಂದ್ರಿಕೆ (ಹುಳು ಗೂಡು ಕಟ್ಟುವ ತಟ್ಟೆ) ಕೊಳ್ಳಲು ಒಂದಿಷ್ಟು ಕಳಿಸಿದೆ. ಉಳಿದದ್ದನ್ನು ಮುಟ್ಟಬಾರದೆಂದು ಬೇರೆ ಖಾತೆಗೆ ಹಾಕಿದೆ, ಏಕೆಂದರೆ ಮುಂದಿನ ಹಣ ಯಾವಾಗ ಬರುತ್ತದೆಂದು ಯಾರೂ ಹೇಳಲಿಲ್ಲ. ಮನೆ ಬಾಡಿಗೆ ಭತ್ಯೆ ಇದರ ಜೊತೆಗೇ ಇದೆ; ಅದು ಊರಿನ ದರ್ಜೆಗೆ ತಕ್ಕಂತೆ, ಬೆಂಗಳೂರಿಗೆ ಹೆಚ್ಚು, ಸಣ್ಣ ಊರಿಗೆ ಕಡಿಮೆ. ವಿದ್ಯಾರ್ಥಿನಿಲಯದಲ್ಲಿ ಜಾಗ ಕೊಟ್ಟರೂ ಬೇಡವೆಂದರೆ ಅದನ್ನು ಕೇಳುವ ಹಕ್ಕು ಹೋಗುತ್ತದೆ. ಇದು ನನಗೆ ತಿಳಿದದ್ದು ಬೇಡವೆಂದ ಮೇಲೆ.

2023ರ ಸೆಪ್ಟೆಂಬರ್‌ನಲ್ಲಿ ದರ ಏರಿತು: ಜೆಆರ್‌ಎಫ್ 31,000ದಿಂದ 37,000ಕ್ಕೆ, ಎಸ್‌ಆರ್‌ಎಫ್ 35,000ದಿಂದ 42,000ಕ್ಕೆ, ಅದೂ ಆ ವರ್ಷದ ಜನವರಿ 1ರಿಂದಲೇ ಅನ್ವಯವಾಗುವಂತೆ. ನಾನು ಫೆಬ್ರುವರಿಯಿಂದ ಎಸ್‌ಆರ್‌ಎಫ್. ಸೆಪ್ಟೆಂಬರ್ ಕೊನೆಗೆ ನನಗೆ ಬರಬೇಕಿದ್ದ ವ್ಯತ್ಯಾಸವನ್ನು ಬೆರಳಲ್ಲಿ ಎಣಿಸಿದೆ: 62,000. ಎಸ್‌ಆರ್‌ಎಫ್ ದರ್ಜೆಗೆ ಏರುವುದೂ ತಾನಾಗಿ ಆಗುವುದಿಲ್ಲ; ಹೊರಗಿನ ತಜ್ಞರೊಬ್ಬರಿರುವ ಮೂವರ ಸಮಿತಿಯ ಮುಂದೆ ಎರಡು ವರ್ಷದ ಕೆಲಸ ಒಪ್ಪಿಸಬೇಕು. ನನಗೆ ಇಡೀ ವ್ಯವಸ್ಥೆಯಲ್ಲಿ ಇಷ್ಟವಾದ ಭಾಗ ಇದೇ. ಬಂದಿದ್ದ ತಜ್ಞರು ನಾನು 'ತೂಬು' ಎಂದು ಓದಿದ್ದ ಪದವನ್ನು ಪಡಿಯಚ್ಚಿನಲ್ಲಿ, ಅಂದರೆ ಕಲ್ಲಿನ ಮೇಲೆ ಕಾಗದ ಒತ್ತಿ ತೆಗೆದ ನಕಲಿನಲ್ಲಿ, ಮತ್ತೆ ನೋಡಲು ಹೇಳಿದರು.

ಅದಕ್ಕಾಗಿಯೇ ಮೈಸೂರಿಗೆ ಹೋದೆ. ಪುರಾತತ್ವ ಸರ್ವೇಕ್ಷಣ ಇಲಾಖೆಯ ಶಾಸನ ಶಾಖೆ ಇರುವುದು ಅಲ್ಲಿ. ಮಸಿ ಬಳಿದ ಕಾಗದದಲ್ಲಿ ಕಲ್ಲಿನ ಅಕ್ಷರ ಬೆಳ್ಳಗೆ ಎದ್ದು ಕಾಣುತ್ತದೆ. ನಾನು ತಪ್ಪು ಓದಿದ್ದೆ. ಅದು ತೂಬಲ್ಲ, ಒಬ್ಬನ ಹೆಸರಿನ ಅರ್ಧ. ಒಂದು ಅಧ್ಯಾಯದ ಮೂರು ಪುಟ ಬಿದ್ದುಹೋಯಿತು. ಆ ಓಡಾಟದ ಬಸ್ ಟಿಕೆಟ್, ಜೆರಾಕ್ಸ್, ಎರಡು ಪುಸ್ತಕ ಎಲ್ಲವೂ ಸಾದಿಲ್ವಾರು ಅನುದಾನದಲ್ಲಿ ಬಂದವು. ಮಾನವಿಕ ವಿಷಯದವರಿಗೆ ಅದು ಮೊದಲೆರಡು ವರ್ಷ ವರ್ಷಕ್ಕೆ 10,000, ಆಮೇಲೆ 20,500. ರಸೀದಿ ಇಟ್ಟುಕೊಳ್ಳಿ, ಆಟೊದವರ ಹತ್ತಿರವೂ ಬರೆಸಿಕೊಳ್ಳಿ. ನಾನು ಬಿಸ್ಕೆಟ್ ಡಬ್ಬಿಯೊಂದರಲ್ಲಿ ಇಟ್ಟಿದ್ದೆ.

ಇದನ್ನು ಸಂಬಳವೆಂದುಕೊಂಡು ಬರುವವರಿಗೆ ಬೇಸರವಾಗುತ್ತದೆ. ಭವಿಷ್ಯನಿಧಿ ಇಲ್ಲ, ಬೇರೆ ಸಂಬಳದ ಕೆಲಸ ಹಿಡಿಯುವಂತಿಲ್ಲ. ವಿಜ್ಞಾನ, ತಂತ್ರಜ್ಞಾನದಲ್ಲಿ ಪ್ರಧಾನಮಂತ್ರಿ ಸಂಶೋಧನಾ ಫೆಲೋಶಿಪ್ ಪಡೆದ ಗೆಳತಿಗೆ ಆರಂಭದಲ್ಲೇ 70,000. ಇಬ್ಬರೂ ಕಾಫಿ ಕುಡಿದರೆ ಬಿಲ್ ಅವಳದು. ಆದರೂ ಈ ಐದು ವರ್ಷದಲ್ಲಿ ಮದುವೆಯ ಮಾತೆತ್ತಿದ ದೊಡ್ಡಮ್ಮನಿಗೆ "ಅವಳು ದುಡಿಯುತ್ತಿದ್ದಾಳೆ" ಎಂದು ಅಪ್ಪ ಹೇಳಲು ಸಾಧ್ಯವಾಯಿತಲ್ಲ, ಅದಕ್ಕೆ ನಾನು ಕೊಟ್ಟ ಮೂರೂವರೆಯಲ್ಲಿ ಒಂದು ಪೂರ್ತಿ ಅಂಕ.

ಮಹಾಪ್ರಬಂಧ ಸಲ್ಲಿಸಿಯಾಯಿತು. ಕೊನೆಯ ನಾಲ್ಕು ತಿಂಗಳ ಬಾಡಿಗೆ ಭತ್ಯೆ ಇನ್ನೂ ಕಡತದಲ್ಲಿದೆ. ಹೋದ ವಾರ ಪಕ್ಕದ ಮನೆಯ ಹುಡುಗಿ ಪರೀಕ್ಷೆ ಬರೆಯಬೇಕೆಂದು ಬಂದಳು. ನನ್ನ ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು ಕೊಟ್ಟು, ಅವಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್ ಎರಡನ್ನೂ ತರಿಸಿ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ನೋಡಿದೆ. ಅವಳದೂ ಇನಿಷಿಯಲ್ ಬೇರೆ ಬೇರೆ ಇತ್ತು.