ಫ್ರಿಜ್ ಇಲ್ಲದೆ ನಿಂಬೆಹಣ್ಣು: ಮರಳು, ಎಣ್ಣೆ, ಪೇಪರು, ನೀರು

ನಿಂಬೆಹಣ್ಣು ಹಾಳಾಗುವುದು ಎರಡು ಥರ. ಒಂದೋ ಒಣಗುತ್ತದೆ, ಇಲ್ಲವೇ ಬೂಸ್ಟು ಹಿಡಿಯುತ್ತದೆ. ತೊಂದರೆ ಏನೆಂದರೆ, ಒಂದಕ್ಕೆ ಮಾಡಿದ ಮದ್ದು ಇನ್ನೊಂದನ್ನು ಕರೆದು ಕೂರಿಸುತ್ತದೆ. ಒಣಗಬಾರದೆಂದು ಮುಚ್ಚಿಟ್ಟರೆ ಬೂಸ್ಟು. ಬೂಸ್ಟಿಗೆ ಹೆದರಿ ಗಾಳಿಗಿಟ್ಟರೆ ಸಿಪ್ಪೆ ಸುಕ್ಕುಗಟ್ಟಿ ಕಲ್ಲಿನಂತಾಗುತ್ತದೆ, ಹಿಂಡಿದರೆ ನಾಲ್ಕು ಹನಿ.

ಮಳೆಗಾಲದಲ್ಲಿ ಅಗ್ಗವಾಗಿ ಸಿಗುವ ಹಣ್ಣು ಬೇಸಿಗೆಗೆ ಕೈಗೆಟುಕುವುದಿಲ್ಲ. ಸಿಕ್ಕಾಗ ಹೆಚ್ಚು ಕೊಂಡು ಇಟ್ಟುಕೊಳ್ಳುವವರಿಗೆ ಯಾವ ದಾರಿ ವಾಸಿ ಎಂದು ನೋಡಲು ವಿಜಯಪುರ ಜಿಲ್ಲೆಯ ಇಂಡಿ ಕಡೆಯ, ತೆಳು ಸಿಪ್ಪೆಯ ಕಾಗಜಿ ನಿಂಬೆಯನ್ನೇ ಆರಿಸಿಕೊಂಡೆ. ಒಂದೇ ರಾಶಿಯ ಹಣ್ಣು, ಪಾಲು ಮಾಡಿ ಬೇರೆ ಬೇರೆ ಕಡೆ ಇಟ್ಟದ್ದು. ಒಮ್ಮೆ ಒಣ ಬೇಸಿಗೆಯಲ್ಲಿ, ಮತ್ತೊಮ್ಮೆ ಮಳೆ ಹಿಡಿದಾಗ. ಬರೀ ಬುಟ್ಟಿಯಲ್ಲಿಟ್ಟ ಹಣ್ಣು ಬೇಸಿಗೆಯಲ್ಲಿ ವಾರದೊಳಗೇ ಬಾಡಿತು.

ನೀರಿನಲ್ಲಿ ಮುಳುಗಿಸಿಡುವ ಉಪಾಯವನ್ನು ಮೊದಲೇ ಬದಿಗಿಡುತ್ತೇನೆ. ದಿನಾ ನೀರು ಬದಲಿಸದಿದ್ದರೆ ಲೋಳೆ ಕಟ್ಟುತ್ತದೆ, ಸಿಪ್ಪೆ ಮೆತ್ತಗಾಗುತ್ತದೆ. ಅದು ಫ್ರಿಜ್ ಇರುವವರ ಆಟ.

ಕೊಬ್ಬರಿ ಎಣ್ಣೆ ನಿಜಕ್ಕೂ ಕೆಲಸ ಮಾಡುತ್ತದೆ. ಅಂಗಡಿಯ ಕಿತ್ತಳೆಗೆ ಮೇಣ ಬಳಿಯುವುದೂ ಇದೇ ಕಾರಣಕ್ಕೆ: ಸಿಪ್ಪೆಯ ರಂಧ್ರ ಮುಚ್ಚಿದರೆ ನೀರು ಆರುವುದು ನಿಧಾನವಾಗುತ್ತದೆ. ಅಂಗೈಗೆ ಎರಡು ಹನಿ ಹಾಕಿ ಉಜ್ಜಿಕೊಂಡು ಹಣ್ಣನ್ನು ಹೊರಳಿಸಿದರೆ ಸಾಕು. ಧಾರಾಳವಾಗಿ ಬಳಿದರೆ ಹಣ್ಣು ಉಸಿರಾಡಲಾಗದೆ ರಸಕ್ಕೆ ಹುಳಿತ ವಾಸನೆ ಬರುತ್ತದೆ. ಹತ್ತಿಪ್ಪತ್ತು ಹಣ್ಣಿಗೆ ಸರಿ, ಚೀಲ ತಂದವರಿಗೆ ಬೇಸರದ ಕೆಲಸ. ಅಂಟಂಟಾದ ಸಿಪ್ಪೆಗೆ ಧೂಳೂ ಹತ್ತುತ್ತದೆ.

ಬೇಸಿಗೆಯಲ್ಲಿ ಗೆದ್ದದ್ದು ಮಡಕೆ-ಮರಳು. ಮಡಕೆಯ ತಳಕ್ಕೆ ತೊಳೆದ ಮರಳು, ಅದರ ಮೇಲೆ ಒಂದಕ್ಕೊಂದು ತಾಗದಂತೆ ಹಣ್ಣು, ಮತ್ತೆ ಮರಳು. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಹಿಂಡಿದರೆ ನೀರು ಇಳಿಯಬಾರದು; ಅಷ್ಟೇ ತೇವ. ಮಡಕೆಯ ಮೈಯಿಂದ ನೀರು ಆರುತ್ತಾ ಒಳಗೆ ತಂಪಾಗುತ್ತದೆ. ದೆಹಲಿಯ ಪೂಸಾ ಕೃಷಿ ಸಂಶೋಧನಾ ಸಂಸ್ಥೆಯವರು ರೈತರಿಗಾಗಿ ರೂಪಿಸಿದ ಇಟ್ಟಿಗೆಯ ತಂಪು ಕೋಣೆಯ ಗುಟ್ಟೂ ಇದೇ: ಎರಡು ಗೋಡೆ, ನಡುವೆ ಒದ್ದೆ ಮರಳು, ಕರೆಂಟಿನ ಹಂಗಿಲ್ಲ. ಬುಟ್ಟಿಯ ಹಣ್ಣು ಒಣಗಿ ಎಷ್ಟೋ ದಿನವಾದ ಮೇಲೂ ಮಡಕೆಯದ್ದು ಬೆರಳಿಗೆ ಬಿಗಿಯಾಗಿಯೇ ಸಿಗುತ್ತಿತ್ತು. ನದಿ ಮರಳೇ ಆಗಬೇಕು. ಕಲ್ಲು ಅರೆದು ಮಾಡಿದ ಎಂ-ಸ್ಯಾಂಡ್‌ನ ಚೂಪು ಕಾಳು ಸಿಪ್ಪೆ ಗೀರುತ್ತದೆ, ಗೀರಿದಲ್ಲೇ ಬೂಸ್ಟು ಒಳಹೊಗುವುದು.

ಇದೇ ಮಡಕೆ ಮಳೆಗಾಲದಲ್ಲಿ ಕೈಕೊಟ್ಟಿತು. ಗಾಳಿಯೇ ಒದ್ದೆಯಿರುವಾಗ ನೀರು ಆರುವುದೆಲ್ಲಿ, ತಂಪಾಗುವುದೆಲ್ಲಿ? ಒಳಗೆ ಕೈ ಹಾಕಿದರೆ ಬೆರಳಿಗೆ ಮೊದಲು ಸಿಕ್ಕಿದ್ದು ಮೆತ್ತನೆಯ ಜಾಗ. ಹೊರತೆಗೆದು ನೋಡಿದರೆ ಸುತ್ತ ಬಿಳಿ ಅಂಚು, ನಡುವೆ ಹಸಿರು ಪುಡಿ. ಊದಿದರೆ ಹಾರುತ್ತದೆ, ಹಾರಿದ್ದು ಪಕ್ಕದ ಹಣ್ಣಿನ ಗಾಯಕ್ಕೆ ಕೂರುತ್ತದೆ.

ಆಗ ಪೇಪರೇ ಮೇಲು. ಒಂದೊಂದು ಹಣ್ಣನ್ನೂ ಹಳೆ ಪತ್ರಿಕೆಯ ತುಂಡಿನಲ್ಲಿ ಸುತ್ತಿ, ಬಿದಿರು ಬುಟ್ಟಿಯಲ್ಲಿ ಎರಡು ಪದರಕ್ಕಿಂತ ಹೆಚ್ಚಿಲ್ಲದಂತೆ ಇಟ್ಟೆ. ಸಿಪ್ಪೆ ಸ್ವಲ್ಪ ಸೊರಗುತ್ತದೆ, ನಿಜ. ಆದರೆ ಕೊಳೆತದ್ದು ತನ್ನ ಪೇಪರಿನೊಳಗೇ ಕೊಳೆಯುತ್ತದೆ, ನೆರೆಯವರಿಗೆ ಅಂಟುವುದು ಕಡಿಮೆ. ಬಿಚ್ಚಿ ನೋಡಬೇಕಿಲ್ಲ, ಪೇಪರು ಒದ್ದೆಯಾಗಿದ್ದರೆ ಎಸೆಯುವುದು.

ಯಾವ ದಾರಿ ಹಿಡಿದರೂ ಆರಿಸುವ ಕೆಲಸ ತಪ್ಪದು. ತೊಟ್ಟಿನ ಪುಟ್ಟ ಬಿಲ್ಲೆ ಉಳಿದಿರುವ, ಗಾಯವಿಲ್ಲದ ಹಣ್ಣು ಮಾತ್ರ ಇಡಲು ಯೋಗ್ಯ. ತೊಟ್ಟು ಕಿತ್ತು ಬಂದಿದ್ದರೆ ಬೂಸ್ಟಿಗೆ ಅದೇ ಬಾಗಿಲು. ಇಡುವ ಮುಂಚೆ ತೊಳೆಯಬೇಡಿ. ತೊಳೆದರೆ ನೆರಳಲ್ಲಿ ನೀರು ಪೂರ್ತಿ ಆರಲು ಬಿಡಿ. ಬಾಳೆಹಣ್ಣಿನ ಪಕ್ಕ ಅಂತೂ ಬೇಡವೇ ಬೇಡ, ಅದು ಬಿಡುವ, ಹಣ್ಣು ಮಾಗಿಸುವ ಅನಿಲವಾದ ಎಥಿಲೀನ್‌ಗೆ ಹಸಿರು ನಿಂಬೆ ಬೇಗ ಹಳದಿಯಾಗಿ ತೊಟ್ಟು ಉದುರಿಸುತ್ತದೆ. ಆರಿಸುವಾಗ ಪಕ್ಕಕ್ಕೆ ಬಿದ್ದ ಗಾಯದ ಹಣ್ಣನ್ನು ಅವತ್ತೇ ಕತ್ತರಿಸಿ ಉಪ್ಪು ಹಾಕಿ ಭರಣಿಗೆ ತುಂಬಿಬಿಡಿ.