ಟಿಟಿಯ ಚೆಲುವೋ, ಜಿಆರ್86ರ ಓಟವೋ?

ಮೊದಲೇ ಹೇಳಿಬಿಡುತ್ತೇನೆ: ಈ ಎರಡು ಸ್ಪೋರ್ಟ್ಸ್ ಕಾರುಗಳಲ್ಲಿ ನನ್ನ ಓಟು ಟೊಯೊಟಾ ಜಿಆರ್86ಕ್ಕೆ, ಅದರಲ್ಲೂ ಆರು ಗೇರಿನ ಮ್ಯಾನುಯಲ್‌ಗೆ. ಆಡಿ ಟಿಟಿ ನೋಡಲು ಚೆಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಚೆಂದದ ಪೂರ್ತಿ ಬೆಲೆ ಜಾಹೀರಾತಿನಲ್ಲಿ ಕಾಣುವುದಿಲ್ಲ. ಕಾರಿನ ಹಿಂಬದಿಯ ಅಡಿಯಲ್ಲಿ, ಎಣ್ಣೆಯೊಳಗೆ ಮುಳುಗಿರುವ ಒಂದು ಸಣ್ಣ ಜಾಲರಿಯಲ್ಲಿ ಅದರ ಒಂದು ಪಾಲು ಅಡಗಿರುತ್ತದೆ. ಟಿಟಿ ಕೊಳ್ಳಲು ಹೊರಟವರು ಬೇರೇನನ್ನು ಓದದಿದ್ದರೂ ಆ ಭಾಗವನ್ನು ಓದಲೇಬೇಕು.

ಅಮೆರಿಕದಲ್ಲಿ ಈ ಎರಡೂ ಒಂದೇ ಬಜೆಟ್ಟಿನಲ್ಲಿ ಎದುರುಬದುರಾಗುತ್ತವೆ. 2022ರ ಮಾಡೆಲ್ಲಾಗಿ ಬಂದಾಗ ಜಿಆರ್86ರ ಬೇಸ್ ಬೆಲೆ 27,700 ಡಾಲರ್, ಪ್ರೀಮಿಯಂ 30,300. ಸಾಗಣೆ ಖರ್ಚು ಬೇರೆ. ಮೂರನೇ ತಲೆಮಾರಿನ ಟಿಟಿ ಹೊಸದಿದ್ದಾಗ ಅದಕ್ಕಿಂತ ಎಷ್ಟೋ ದುಬಾರಿ. ಅದರ ತಯಾರಿಕೆ 2023ರ ನವೆಂಬರಿನಲ್ಲಿ ಹಂಗೇರಿಯ ಗ್ಯೋರ್ ಕಾರ್ಖಾನೆಯಲ್ಲಿ ನಿಂತಿತು, ಈಗ ಸಿಗುವುದು ಹಳೆಯ ಗಾಡಿಗಳೇ. ಹಾಗಾಗಿ ಕೆಲವು ವರ್ಷ ಓಡಿದ ಟಿಟಿಗೂ ಹೊಸ ಜಿಆರ್86ಕ್ಕೂ ಹೆಚ್ಚುಕಡಿಮೆ ಒಂದೇ ಹಣ. ಬೇ ಏರಿಯಾದಲ್ಲೋ ಟೆಕ್ಸಸ್‌ನಲ್ಲೋ ಇರುವ ನಮ್ಮವರು ಎರಡನೇ ಕಾರಿಗೆ ಅಂತ ಮೂವತ್ತು ಸಾವಿರ ಎತ್ತಿಟ್ಟರೆ ಕೊನೆಗೆ ಬಂದು ನಿಲ್ಲುವುದು ಈ ಕವಲಿನಲ್ಲೇ.

ಕಾಗದದ ಮೇಲಿನ ಲೆಕ್ಕ ಮೊದಲು ಮುಗಿಸೋಣ, ಅದು ದಾರಿ ತಪ್ಪಿಸುವಂಥದ್ದು. 2019ರಿಂದೀಚೆಗೆ ಅಮೆರಿಕದಲ್ಲಿ ಮಾರಿದ ಟಿಟಿಗೆ 228 ಅಶ್ವಶಕ್ತಿ, ಜಿಆರ್86ಕ್ಕೂ ಅಷ್ಟೇ 228. ಸೊನ್ನೆಯಿಂದ 60 ಮೈಲಿ ವೇಗಕ್ಕೆ ಟಿಟಿ 5.2 ಸೆಕೆಂಡ್, ಮ್ಯಾನುಯಲ್ ಜಿಆರ್86 6.1 ಸೆಕೆಂಡ್, ಎರಡೂ ಕಂಪನಿಗಳು ತಾವೇ ಹೇಳಿಕೊಂಡ ಅಂಕಿ. ಟಿಟಿಯಲ್ಲಿ ಟರ್ಬೊ ಇದೆ, 350 ನ್ಯೂಟನ್ ಮೀಟರ್ ಟಾರ್ಕ್ ಎರಡು ಸಾವಿರ ಆರ್‌ಪಿಎಂ ದಾಟುವ ಮೊದಲೇ ಕೈಗೆ ಸಿಗುತ್ತದೆ. ಜಿಆರ್86ರ 2.4 ಲೀಟರ್ ಬಾಕ್ಸರ್ (ಸಿಲಿಂಡರುಗಳು ಎದುರುಬದುರಾಗಿ ಮಲಗಿರುವ) ಎಂಜಿನ್ನಿಗೆ ಟರ್ಬೊ ಇಲ್ಲ, 250 ನ್ಯೂಟನ್ ಮೀಟರ್ ಬೇಕಾದರೆ 3,700 ಆರ್‌ಪಿಎಂವರೆಗೆ ಏರಬೇಕು. ಸಿಗ್ನಲ್ಲಿನಿಂದ ಹೊರಡುವಾಗ, ಫ್ರೀವೇಗೆ ಸೇರಿಕೊಳ್ಳುವಾಗ ಟಿಟಿಯೇ ಮುಂದೆ. ಇಷ್ಟಕ್ಕೇ ನಿಲ್ಲಿಸಿದರೆ ಚೆಲುವೂ ಅದರದೇ, ಓಟವೂ ಅದರದೇ ಎಂದಾಗುತ್ತದೆ.

ಆದರೆ ಕ್ಯಾಲಿಫೋರ್ನಿಯಾದ ಸಾರಾಟೋಗಾದಿಂದ ಸ್ಕೈಲೈನ್‌ವರೆಗೆ ಏರುವ ಹೈವೇ 9ರಂಥ ತಿರುವಿನ ರಸ್ತೆಗೆ ಎರಡನ್ನೂ ತೆಗೆದುಕೊಂಡು ಹೋದರೆ ಲೆಕ್ಕ ಬದಲಾಗುತ್ತದೆ. ಟಿಟಿಯಲ್ಲಿ ಬ್ರೇಕ್ ಹಾಕಿ, ತಿರುಗಿಸಿ, ಆಕ್ಸಿಲರೇಟರ್ ಒತ್ತಿದರೆ ಭಾರವೆಲ್ಲ ಮೊದಲು ಮುಂದಿನ ಟೈರುಗಳ ಮೇಲೆ ಬೀಳುತ್ತದೆ. ಎಂಜಿನ್ ಅಡ್ಡಲಾಗಿ ಮುಂದಿನ ಆಕ್ಸಲ್ಲಿನ ಮೇಲೆಯೇ ಕೂತಿರುವುದೇ ಕಾರಣ. ಕಾರು ಹಿಡಿತ ಬಿಡುವುದಿಲ್ಲ, ವೇಗವೂ ಕುಗ್ಗುವುದಿಲ್ಲ. ಆದರೆ ಚಾಲಕನಿಗೆ ಮಾಡಲು ಹೆಚ್ಚು ಕೆಲಸವಿಲ್ಲ. ಜಿಆರ್86ರ ತೂಕ ಸುಮಾರು 1,275 ಕಿಲೊ, ಟಿಟಿಗಿಂತ ಒಂದೂವರೆ ಕ್ವಿಂಟಲ್‌ಗೂ ಹೆಚ್ಚು ಹಗುರ. ಎಂಜಿನ್ ಚಪ್ಪಟೆಯಾದ್ದರಿಂದ ತೂಕ ನೆಲಕ್ಕೆ ಹತ್ತಿರ. ತಿರುವಿನ ನಡುವೆ ಬಲಗಾಲನ್ನು ಒಂದಿಷ್ಟು ಸಡಿಲಿಸಿದರೆ ಮೂತಿ ಒಳಕ್ಕೆ ಸರಿಯುತ್ತದೆ, ಮತ್ತೆ ಒತ್ತಿದರೆ ಟಾರ್ಸೆನ್ ಡಿಫರೆನ್ಷಿಯಲ್ ಎರಡೂ ಹಿಂಚಕ್ರಗಳಿಗೆ ಬಲ ಹಂಚಿ ಹೊರಕ್ಕೆ ತಳ್ಳುತ್ತದೆ. ಇದೆಲ್ಲ ಗಂಟೆಗೆ 35, 40 ಮೈಲಿಯಲ್ಲೇ ಅನುಭವಕ್ಕೆ ಬರುತ್ತದೆ, ಪೊಲೀಸರ ಭಯವಿಲ್ಲದೆ. ನನ್ನ ಮಟ್ಟಿಗೆ ಕಾರಿನ ಓಟ ಅಂದರೆ ಇದೇ. 0ರಿಂದ 60 ಅಲ್ಲ.

ಇನ್ನು ಚೆಲುವಿನ ವಿಷಯ. 1995ರ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಕಂಡ ಟಿಟಿಯ ಆ ದುಂಡು ಆಕಾರ ಬಹುಮಟ್ಟಿಗೆ ಹಾಗೇ 1998ರಲ್ಲಿ ರಸ್ತೆಗೆ ಬಂತು. ಚಾವಣಿಯಿಂದ ಬಾಲದವರೆಗೆ ಇಳಿಯುವ ಆ ನುಣುಪಾದ ರೇಖೆಯೇ ಕೊನೆಗೆ ತೊಂದರೆಗೆ ಒಂದು ಕಾರಣವಾಯಿತು. ಅತಿ ವೇಗದಲ್ಲಿ ಹಿಂಭಾಗ ನೆಲದಿಂದ ಹಗುರಾಗಿ, ಜರ್ಮನಿಯ ಆಟೊಬಾನ್‌ಗಳಲ್ಲಿ ಜೀವಹಾನಿಯ ಅಪಘಾತಗಳಾದವು. ಆಡಿ ಕಾರುಗಳನ್ನು ವಾಪಸು ಕರೆಸಿ ಹಿಂದೆ ಸ್ಪಾಯ್ಲರ್ ಕೂರಿಸಿತು, ಸಸ್ಪೆನ್ಷನ್ ಬದಲಿಸಿತು, ಕಾರು ಜಾರದಂತೆ ತಡೆಯುವ ಎಲೆಕ್ಟ್ರಾನಿಕ್ ವ್ಯವಸ್ಥೆ ಇಎಸ್‌ಪಿ ಸೇರಿಸಿತು. ಮೂರನೇ ತಲೆಮಾರಿನಲ್ಲಿ ಈ ಸಮಸ್ಯೆ ಇಲ್ಲ, ವೇಗ ಏರಿದಂತೆ ಸ್ಪಾಯ್ಲರ್ ತಾನೇ ಮೇಲೇಳುತ್ತದೆ. ಕಾರಿನ ರೂಪವನ್ನು ಮೊದಲು ನಿಕ್ಕಿ ಮಾಡಿ ಓಟವನ್ನು ಆಮೇಲೆ ಅದಕ್ಕೆ ಹೊಂದಿಸಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ.

ಒಳಾಂಗಣದಲ್ಲಿ ಟಿಟಿಗೆ ಸಾಟಿಯಿಲ್ಲ. ಎಸಿಯ ದುಂಡು ಕಿಂಡಿಗಳ ನಡುವೆಯೇ ತಿರುಗಿಸುವ ಗುಂಡಿ, ಅದರೊಳಗೇ ಉಷ್ಣತೆಯ ಅಂಕಿ. ಹತ್ತು ವರ್ಷ ಕಳೆದರೂ ಹಳತೆನಿಸುವುದಿಲ್ಲ. ಆದರೆ ಪರದೆ ಇರುವುದು ಚಾಲಕನ ಮುಂದೆ ಮಾತ್ರ. ಪಕ್ಕದಲ್ಲಿ ಕೂತವರು ದಾರಿ ಹುಡುಕಿಕೊಡುತ್ತೇನೆಂದರೆ ನಿಮ್ಮ ಕಡೆಗೆ ಬಾಗಿಯೇ ನೋಡಬೇಕು.

ಈಗ ಆ ಜಾಲರಿಯ ವಿಷಯ. ನಾಲ್ಕೂ ಚಕ್ರಗಳಿಗೆ ಬಲ ಕೊಡುವ ವ್ಯವಸ್ಥೆಗೆ ಆಡಿ ಇಟ್ಟ ಹೆಸರು ಕ್ವಾಟ್ರೊ. ಟಿಟಿಯ ಕ್ವಾಟ್ರೊ ಎಂದರೆ ಆಡಿಯ ದೊಡ್ಡ ಕಾರುಗಳಲ್ಲಿರುವ ಕ್ವಾಟ್ರೊ ಅಲ್ಲ. ಇಲ್ಲಿ ಮೂಲತಃ ಮುಂಚಕ್ರ ಚಾಲನೆ. ಹಿಂದಿನ ಡಿಫರೆನ್ಷಿಯಲ್ಲಿಗೆ ಅಂಟಿಕೊಂಡಂತೆ ಹಾಲ್ಡೆಕ್ಸ್ ಎಂಬ ಕ್ಲಚ್ ಇರುತ್ತದೆ. ಎಣ್ಣೆಯಲ್ಲಿ ಮುಳುಗಿದ ಬಿಲ್ಲೆಗಳ ಕಟ್ಟನ್ನು ಒಂದು ಸಣ್ಣ ಎಲೆಕ್ಟ್ರಿಕ್ ಪಂಪು ಒತ್ತಿ ಹಿಡಿದಾಗ ಮಾತ್ರ ಹಿಂಚಕ್ರಗಳಿಗೆ ಬಲ ಹೋಗುತ್ತದೆ. ನಾಲ್ಕನೇ ತಲೆಮಾರಿನ ಹಾಲ್ಡೆಕ್ಸ್‌ನಲ್ಲಿ ಬದಲಾಯಿಸಬಹುದಾದ ಫಿಲ್ಟರ್ ಇತ್ತು. ಮೂರನೇ ಟಿಟಿಯಲ್ಲಿರುವ ಐದನೇ ತಲೆಮಾರಿನದರಲ್ಲಿ ಆ ಫಿಲ್ಟರನ್ನೇ ತೆಗೆದುಹಾಕಿದ್ದಾರೆ, ಪಂಪಿನ ಬಾಯಿಗೆ ಒಂದು ಸೂಕ್ಷ್ಮ ಜಾಲರಿಯಷ್ಟೇ ಉಳಿದಿದೆ.

ಕ್ಲಚ್ ಬಿಲ್ಲೆಗಳು ಸವೆಯುತ್ತಾ ಉದುರಿಸುವ ಪುಡಿ ಎಣ್ಣೆಯಲ್ಲಿ ಬೆರೆತು ಕಪ್ಪು ಕೆಸರಾಗಿ ಆ ಜಾಲರಿಗೆ ಮೆತ್ತಿಕೊಳ್ಳುತ್ತದೆ. ಸರ್ವಿಸ್ ಅಂದರೆ ಹಳೆ ಎಣ್ಣೆ ಬಸಿದು ಹೊಸದು ತುಂಬುವುದಷ್ಟೇ ಎಂದುಕೊಂಡ ಕಡೆ ಪಂಪನ್ನು ಯಾರೂ ಬಿಚ್ಚುವುದಿಲ್ಲ. ರಸೀದಿಯಲ್ಲಿ ಹಾಲ್ಡೆಕ್ಸ್ ಸರ್ವಿಸ್ ಆಗಿದೆ ಎಂದು ಬರೆದಿರುತ್ತದೆ, ಜಾಲರಿಯ ಕೆಸರು ಹಾಗೇ ಉಳಿದಿರುತ್ತದೆ. ಪಂಪು ಎಣ್ಣೆ ಎಳೆಯಲಾರದೆ ತಿಣುಕುತ್ತದೆ, ಒತ್ತಡ ಕುಸಿಯುತ್ತದೆ, ಕೊನೆಗೆ ಮೋಟರು ಸುಟ್ಟುಹೋಗುತ್ತದೆ. ಇದರಲ್ಲಿ ನನಗೆ ಸಿಟ್ಟು ಬರಿಸುವುದು ಒಂದೇ ಸಂಗತಿ: ಒತ್ತಡವನ್ನು ನೇರವಾಗಿ ಅಳೆಯುವ ಸೆನ್ಸರ್ ಈ ವ್ಯವಸ್ಥೆಯಲ್ಲಿಲ್ಲ. ಆದ್ದರಿಂದ ಎಷ್ಟೋ ಸಲ ಡ್ಯಾಶ್‌ಬೋರ್ಡಿನಲ್ಲಿ ಒಂದು ದೀಪವೂ ಹೊತ್ತುವುದಿಲ್ಲ. ಕ್ವಾಟ್ರೊ ಎಂದು ಹಣ ಕೊಟ್ಟು ಕೊಂಡ ಕಾರು ಸದ್ದಿಲ್ಲದೆ ಮುಂಚಕ್ರದ ಗಾಡಿಯಾಗಿರುತ್ತದೆ, ಒಣ ರಸ್ತೆಯಲ್ಲೇ ಓಡಿಸುವವರಿಗೆ ವರ್ಷಗಟ್ಟಲೆ ಅದು ತಿಳಿಯುವುದೇ ಇಲ್ಲ.

ಕೊಳ್ಳುವ ಮೊದಲು ಪರೀಕ್ಷಿಸುವುದು ಕಷ್ಟವಲ್ಲ. ಒದ್ದೆಯಾದ ಅಥವಾ ಜಲ್ಲಿಯ ಖಾಲಿ ಜಾಗದಲ್ಲಿ, ಚಕ್ರಗಳನ್ನು ನೇರ ಇಟ್ಟು, ನಿಂತಲ್ಲಿಂದ ಒಮ್ಮೆ ಜೋರಾಗಿ ಎಳೆಯಿರಿ. ಹಾಲ್ಡೆಕ್ಸ್ ಸರಿಯಿದ್ದರೆ ಕಾರು ಹಿಂದಕ್ಕೆ ಕುಸಿದು ಮುಂದಕ್ಕೆ ಚಿಮ್ಮುತ್ತದೆ. ಕೆಟ್ಟಿದ್ದರೆ ಮುಂದಿನ ಟೈರುಗಳು ಗಿರಗಿರ ತಿರುಗಿ ಟ್ರ್ಯಾಕ್ಷನ್ ದೀಪ ಮಿಣುಕುತ್ತಲೇ ಇರುತ್ತದೆ. ನಾಲ್ಕೂ ಟೈರು ಒಂದೇ ಕಂಪನಿಯದೇ, ಸವೆತ ಹೆಚ್ಚುಕಡಿಮೆ ಒಂದೇ ಇದೆಯೇ ಎಂದೂ ನೋಡಿ. ಮುಂದೆ ಹೊಸದು ಹಿಂದೆ ಬೋಳು ಇದ್ದರೆ ಚಕ್ರಗಳ ಸುತ್ತಳತೆಯಲ್ಲಿ ವ್ಯತ್ಯಾಸ ಬಂದು ಕ್ಲಚ್ ಸದಾ ಜಾರುತ್ತಾ ಇನ್ನಷ್ಟು ಪುಡಿ ಉದುರಿಸುತ್ತದೆ.

ಸ್ವಚ್ಛ ಮಾಡುವ ಕ್ರಮ ಹೀಗೆ. ಕಾರನ್ನು ಸಮತಟ್ಟಾಗಿ ಎತ್ತಿ ನಿಲ್ಲಿಸಿ, ಹಾಲ್ಡೆಕ್ಸ್ ಸುತ್ತಲಿನ ಧೂಳನ್ನು ಮೊದಲು ಒರೆಸಿ. ಮೇಲಿನ ತುಂಬುವ ಪ್ಲಗ್ ಬಿಚ್ಚಿಕೊಳ್ಳುತ್ತದೆ ಎಂದು ಖಚಿತವಾದ ಮೇಲೆಯೇ ಕೆಳಗಿನದನ್ನು ಬಿಚ್ಚಿ, ಇಲ್ಲವಾದರೆ ಎಣ್ಣೆ ಬಸಿದು ಮತ್ತೆ ತುಂಬಲಾಗದೆ ಕೂರಬೇಕಾಗುತ್ತದೆ. ಎಣ್ಣೆ ಇಳಿದ ಮೇಲೆ ಪಂಪಿನ ಕನೆಕ್ಟರ್ ಕಳಚಿ, ಎರಡು ಸಣ್ಣ ಅಲೆನ್ ಬೋಲ್ಟ್ ತೆಗೆದು, ಪಂಪನ್ನು ಆಚೀಚೆ ಅಲುಗಿಸುತ್ತಾ ನಿಧಾನ ಹೊರಗೆಳೆಯಬೇಕು. ಅದರ ತುದಿಯ ಜಾಲರಿ ಬೆರಳಿನಲ್ಲೇ ಬಿಡಿಸಿಕೊಳ್ಳುತ್ತದೆ. ಬ್ರೇಕ್ ಕ್ಲೀನರ್ ಹೊಡೆದು ಬೆಳಕಿಗೆ ಹಿಡಿದಾಗ ಪ್ರತಿ ಕಣ್ಣೂ ತೆರೆದಿರಬೇಕು. ಪಂಪು ಇದ್ದ ಗೂಡಿನೊಳಗಿನ ಕೆಸರನ್ನೂ ನಾರು ಬಿಡದ ಬಟ್ಟೆಯಿಂದ ತೆಗೆಯಿರಿ. ಓ ರಿಂಗುಗಳನ್ನು ಹೊಸದಾಗಿ ಹಾಕಿ, ಎಣ್ಣೆ ಸವರಿ ಕೂರಿಸಿ, ಆಡಿಯದೇ ಜಿ 060 175 ಎ2 ಎಣ್ಣೆಯನ್ನು ತುಂಬುವ ತೂತಿನಿಂದ ಹೊರಚೆಲ್ಲುವವರೆಗೆ ತುಂಬಿ. ಒಂದು ಬಾಟಲಿ ಸಾಕು. ಮೂರು ವರ್ಷಕ್ಕೆ ಅಥವಾ 30,000 ಮೈಲಿಗೆ, ಯಾವುದು ಮೊದಲೋ ಆಗ, ಇದನ್ನು ಮಾಡಿಸುತ್ತಿದ್ದರೆ ಹಾಲ್ಡೆಕ್ಸ್ ದೀರ್ಘಕಾಲ ಬಾಳುತ್ತದೆ. ಮಾಡಿಸುವಾಗ ಪಂಪು ಬಿಚ್ಚಿ ಜಾಲರಿ ತೊಳೆಯಿರಿ ಎಂದು ಬಾಯಿಬಿಟ್ಟು ಹೇಳಬೇಕು, ಸಾಧ್ಯವಾದರೆ ಫೋಟೊ ಕೇಳಬೇಕು.

ಟಿಟಿಗೆ ಇನ್ನೆರಡು ಖರ್ಚುಗಳಿವೆ. ಅಮೆರಿಕದ ಆವೃತ್ತಿಯಲ್ಲಿ ಪೆಟ್ರೋಲು ನೇರ ಸಿಲಿಂಡರಿಗೇ ಚಿಮ್ಮುವುದರಿಂದ ಇನ್‌ಟೇಕ್ ವಾಲ್ವುಗಳ ಮೇಲೆ ಮಸಿ ಕಟ್ಟುತ್ತದೆ, ಅದನ್ನು ಅಕ್ರೋಟಿನ ಚಿಪ್ಪಿನ ಪುಡಿ ಹೊಡೆದು ತೆಗೆಸಬೇಕು. ಥರ್ಮೋಸ್ಟಾಟ್ ಮತ್ತು ವಾಟರ್ ಪಂಪಿನ ಪ್ಲಾಸ್ಟಿಕ್ ಗೂಡು ಸೋರುತ್ತದೆ. ಕೂಲಂಟ್ ಮಟ್ಟ ಆಗಾಗ ಇಳಿಯುತ್ತಿದ್ದರೆ ಮೊದಲ ಅನುಮಾನ ಅದರ ಮೇಲಿರಲಿ.

ಜಿಆರ್86 ದೋಷವಿಲ್ಲದ ಕಾರಲ್ಲ. ಎಂಜಿನ್ನಿನ ಭಾಗಗಳನ್ನು ಕೂಡಿಸುವಾಗ ಕಾರ್ಖಾನೆಯಲ್ಲಿ ಹಚ್ಚುವ ಸೀಲಂಟ್ ಹೆಚ್ಚಾದರೆ ಒಳಕ್ಕೆ ಉಬ್ಬಿದ ಅಂಚು ತುಂಡಾಗಿ ಎಣ್ಣೆಗೆ ಬಿದ್ದು, ಎಂಜಿನ್ನಿನ ತಳದ ಎಣ್ಣೆ ತೊಟ್ಟಿಯಲ್ಲಿ (ಆಯಿಲ್ ಪ್ಯಾನ್) ಎಣ್ಣೆ ಹೀರುವ ಪಿಕಪ್ ಕೊಳವೆಯ ಜಾಲರಿಗೆ ಸಿಕ್ಕಿಕೊಳ್ಳುತ್ತದೆ. ಆಯಿಲ್ ಪ್ಯಾನ್ ಬಿಚ್ಚಿ ನೋಡಿದ ಮಾಲೀಕರು ಚೂರುಗಳನ್ನು ಕಂಡಿದ್ದಾರೆ. ಇದಕ್ಕೆ ಸೇರಿಕೊಂಡಂತೆ, ಟ್ರ್ಯಾಕಿನಲ್ಲಿ ಉದ್ದನೆಯ ಬಲತಿರುವನ್ನು ಅಂಟು ಟೈರುಗಳಲ್ಲಿ ಹಿಡಿದರೆ ಎಣ್ಣೆ ಪಕ್ಕಕ್ಕೆ ಸರಿದು ಒತ್ತಡ ಇಳಿಯುವುದೂ ಉಂಟು. ಬರೀ ರಸ್ತೆಯಲ್ಲಿ ಓಡಿಸುವವರು ಪ್ಯಾನ್ ಬಿಚ್ಚಿಸಲು ಹೋಗಬೇಡಿ, ಮತ್ತೆ ಮುಚ್ಚಲು ಅದೇ ಸೀಲಂಟ್ ಬೇಕು, ಅವಸರದ ಕೈಯಲ್ಲಿ ಅದು ಹೆಚ್ಚೇ ಆಗುತ್ತದೆ. ಟ್ರ್ಯಾಕಿಗೆ ಹೋಗುವವರು ಮಾತ್ರ ಆಯಿಲ್ ಪ್ರೆಷರ್ ಗೇಜ್ ಹಾಕಿಸಿಕೊಳ್ಳಲೇಬೇಕು, ಪಿಕಪ್ ಜಾಲರಿಯನ್ನು ಅನುಭವಿಗಳ ಕೈಯಲ್ಲಿ ಒಮ್ಮೆ ನೋಡಿಸಬೇಕು. ಎಂಜಿನ್ನಿಗೆ ಐದು ವರ್ಷ ಅಥವಾ 60,000 ಮೈಲಿ ವಾರಂಟಿ ಇದೆ. ಎಣ್ಣೆ ಬದಲಿಸಿದ ಪ್ರತಿ ರಸೀದಿಯನ್ನೂ ತೆಗೆದಿಡಿ. ವಾಲ್ವಿನ ಮಸಿಯ ಕಾಟ ಇಲ್ಲಿಲ್ಲ, ಪೆಟ್ರೋಲನ್ನು ನೇರ ಸಿಲಿಂಡರಿಗೂ, ವಾಲ್ವಿನ ಹಿಂದಿನ ಪೋರ್ಟಿಗೂ ಚಿಮ್ಮುವ ಎರಡೂ ಬಗೆಯ ಇಂಜೆಕ್ಟರುಗಳಿವೆ.

ಚಳಿಯಲ್ಲಿ ಮೊದಲ ಕೆಲವು ನಿಮಿಷ ಎರಡನೇ ಗೇರು ತುಸು ಮೊಂಡು. ಸ್ಪೀಕರಿನಿಂದ ಬರುವ ಎಂಜಿನ್ ಸದ್ದು ನನಗೆ ಹಿಡಿಸದು. ಹಿಂದಿನ ಸೀಟು ಎರಡರಲ್ಲೂ ಹೆಸರಿಗೆ ಮಾತ್ರ, ಊರಿನಿಂದ ಅಪ್ಪ ಅಮ್ಮ ಬಂದಾಗ ಯಾವುದೂ ಉಪಯೋಗಕ್ಕೆ ಬಾರದು. ಸಾಮಾನಿಗೆ ಟಿಟಿಯ ಹ್ಯಾಚ್ ವಾಸಿ. ಆದರೆ ಜಿಆರ್86ರ ಹಿಂದಿನ ಸೀಟು ಮಡಚಿದರೆ ನಾಲ್ಕು ಟೈರು ಹಿಡಿಸುತ್ತದೆ. ಎರಡಕ್ಕೂ ಪ್ರೀಮಿಯಂ ಪೆಟ್ರೋಲೇ ಬೇಕು. ಮುಂದೆ ಬೆಂಗಳೂರಿಗೆ ಮರಳುವಾಗ ಜೊತೆಗೆ ಒಯ್ಯೋಣ ಎಂಬ ಆಸೆ ಬೇಡ: ಇವು ಎಡಗಡೆ ಸ್ಟಿಯರಿಂಗಿನವು, ಹಳೆಯ ಕಾರು ತರಿಸಿಕೊಳ್ಳಲು ಭಾರತದ ನಿಯಮ ಬಲಗಡೆಯದನ್ನೇ ಕೇಳುತ್ತದೆ. ಹಾಗಾಗಿ ಮರುಮಾರಾಟದ ಬೆಲೆಯನ್ನೂ ಅಮೆರಿಕದ ಲೆಕ್ಕದಲ್ಲೇ ನೋಡಬೇಕು, ಅಲ್ಲಿ ಮ್ಯಾನುಯಲ್ ಜಿಆರ್86ಕ್ಕೆ ಗಿರಾಕಿಗಳಿಗೆ ಬರವಿಲ್ಲ.

ಮಿಷಿಗನ್ನಿನಲ್ಲೋ ಮಿನ್ನೆಸೋಟಾದಲ್ಲೋ ಇದ್ದು, ಹಿಮದಲ್ಲೂ ಇದೊಂದೇ ಕಾರಿನಲ್ಲಿ ಕೆಲಸಕ್ಕೆ ಹೋಗಬೇಕಾದವರಿಗೆ ಟಿಟಿಯೇ ಸರಿ; ಆದರೆ ಕೊಳ್ಳುವ ಹಣದ ಜೊತೆ ಮೊದಲ ವರ್ಷದ ರಿಪೇರಿಗೆಂದು ಎರಡು ಮೂರು ಸಾವಿರ ಡಾಲರ್ ಬೇರೆ ಇಟ್ಟುಕೊಳ್ಳಿ. ದಿನವೂ ಬೇ ಏರಿಯಾದ ಹೈವೇ 101ರ ಟ್ರಾಫಿಕ್ಕಿನಲ್ಲಿ ಒಂದೊಂದು ಗಂಟೆ ತೆವಳುವವರಿಗೂ ಕ್ಲಚ್ ತುಳಿಯುವ ಗೋಳಿಲ್ಲದ ಟಿಟಿ ಹಿತ. ವಾರವೆಲ್ಲ ಮನೆಯಲ್ಲಿ ಇನ್ನೊಂದು ಕಾರಿದ್ದು, ಭಾನುವಾರ ಬೆಳಿಗ್ಗೆ ಬೆಟ್ಟದ ರಸ್ತೆಗೆಂದೇ ಕೊಳ್ಳುವವರು ಜಿಆರ್86 ಬಿಟ್ಟು ಬೇರೆ ನೋಡುವುದು ಬೇಡ.

ಅದರಲ್ಲೂ ನಾನು ಬೇಸ್ ಮಾಡೆಲನ್ನೇ ಆರಿಸುತ್ತೇನೆ. ಪ್ರೀಮಿಯಂನಲ್ಲಿ ಹೆಚ್ಚು ಸಿಗುವುದು 18 ಇಂಚಿನ ಚಕ್ರ, ಮಿಶೆಲಿನ್ ಪೈಲಟ್ ಸ್ಪೋರ್ಟ್ 4 ಟೈರು, ಬಾತುಕೋಳಿ ಬಾಲದ ಸ್ಪಾಯ್ಲರ್, ಬಿಸಿಯಾಗುವ ಸೀಟು, ಇನ್ನೆರಡು ಸ್ಪೀಕರ್. ಬೇಸ್‌ನ 17 ಇಂಚಿನ ಚಕ್ರದಲ್ಲಿ ಬರುವ ಪ್ರೈಮಸಿ ಟೈರಿಗೆ ಹಿಡಿತ ಕಡಿಮೆ, ಮಳೆಯಲ್ಲಿ ಹಿಂಭಾಗ ಬೇಗ ಜಾರುತ್ತದೆ, ಒಣ ರಸ್ತೆಯಲ್ಲಿ ಅದೇ ಟೈರು ಕಡಿಮೆ ವೇಗದಲ್ಲೇ ಕಾರಿನ ಆಟ ಕಲಿಸುತ್ತದೆ. ಅದು ಸವೆದ ಮೇಲೆ ಉಳಿದ 2,600 ಡಾಲರಿನಲ್ಲಿ ಒಳ್ಳೆಯ ಟೈರು, ಬ್ರೇಕ್ ಪ್ಯಾಡ್, ಹೆಚ್ಚು ಬಿಸಿ ತಾಳುವ ಬ್ರೇಕ್ ಫ್ಲೂಯಿಡ್ ಮೂರನ್ನೂ ಹಾಕಿಸಬಹುದು. ಹೊಸ ಕಾರಿನ ಜೊತೆ ನ್ಯಾಷನಲ್ ಆಟೊ ಸ್ಪೋರ್ಟ್ ಅಸೋಸಿಯೇಷನ್‌ನ ಒಂದು ವರ್ಷದ ಸದಸ್ಯತ್ವ, ಒಂದು ಟ್ರ್ಯಾಕ್ ದಿನ ಉಚಿತವಾಗಿ ಬರುತ್ತದೆ. ಬ್ರೇಕ್ ಫ್ಲೂಯಿಡನ್ನು ಆ ದಿನಕ್ಕೆ ಮೊದಲೇ ಬದಲಿಸಿ. 2022 ಮತ್ತು 2023ರ ಮ್ಯಾನುಯಲ್‌ಗಳಲ್ಲಿ ಕ್ಯಾಮೆರಾ ಆಧಾರದ ತುರ್ತು ಬ್ರೇಕ್ ವ್ಯವಸ್ಥೆ ಇಲ್ಲ, 2024ರಿಂದ ಇದೆ. ಅದು ಬೇಕೆನ್ನುವವರು ಹಳೆಯದನ್ನು ನೋಡುವಾಗ ಮಾಡೆಲ್ ವರ್ಷವನ್ನು ಮೊದಲು ಕೇಳಿಕೊಳ್ಳಿ.